ಸಾಕು ಎಂದವಳು

ಲಾಂಡ್ರಿಯಲ್ಲಿ ಅವಳಿಗೆ ಇಸ್ತ್ರಿಯಕ್ಕ ಎಂದೇ ಹೆಸರು. ಆದರೆ ಅವಳು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ಎಷ್ಟೋ ಕಾಲವಾಗಿತ್ತು. ಈಗ ಇಸ್ತ್ರಿ ಮಾಡುವುದು ಒಂದು ರೋಲರ್. ಮಂಚದಷ್ಟು ಅಗಲ, ಸದಾ ಬುಸುಗುಡುವ ಜಾತಿಯದು. ಒಂದು ಕಡೆಯಿಂದ ಒದ್ದೆ ಚಾದರ ಒಳಗೆ ಹೋದರೆ ಇನ್ನೊಂದು ಕಡೆ ಒಣಗಿ, ಗರಿಗರಿಯಾಗಿ, ಹಬೆಯಾಡುತ್ತ ಹೊರಗೆ ಬೀಳುತ್ತದೆ. ಬಿದ್ದದ್ದನ್ನು ಇಬ್ಬರು ಎದುರುಬದುರು ನಿಂತು ಹಿಡಿದು ಮೂಲೆಗೆ ಮೂಲೆ ಸೇರಿಸಿ ಮಡಚಬೇಕು. ಹಿಂದೆ ಸರಿ, ಎಳೆ, ಮುಂದೆ ಬಾ, ನಿನ್ನ ಮೂಲೆ ಅವಳ ಕೈಗೆ ಕೊಡು, ಮತ್ತೆ ಹಿಂದೆ ಸರಿ. ದೂರದಿಂದ ನೋಡಿದವರಿಗೆ ಇದೇನೋ ಕುಣಿತ ಅನಿಸಬಹುದು. ಹತ್ತಿರ ಬಂದವರಿಗೆ ಸುಟ್ಟ ಬೆರಳುಗಳು ಕಾಣುತ್ತಿದ್ದವು, ಅದಕ್ಕೇ ಯಾರೂ ಹತ್ತಿರ ಬರುತ್ತಿರಲಿಲ್ಲ.

ಆಸ್ಪತ್ರೆಯ ಚಾದರಗಳೂ ಹೋಟೆಲಿನ ಚಾದರಗಳೂ ಹಾಯುತ್ತಿದ್ದದ್ದು ಅದೇ ಒಂದು ರೋಲರಿನಲ್ಲಿ. ಇದನ್ನು ಹೋಟೆಲಿನವರಿಗೆ ಹೇಳಬಾರದು ಎಂಬುದು ಲಾಂಡ್ರಿಯ ಮೊದಲ ನಿಯಮ. ಎರಡನೆಯ ನಿಯಮ ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ, ಮೊದಲನೆಯದು ಕೇಳಿಯೇ ಎಲ್ಲರಿಗೂ ಜಾಗದ ರೀತಿ ತಿಳಿದುಹೋಗುತ್ತಿತ್ತು.

ಇಸ್ತ್ರಿಯಕ್ಕನ ಎದುರು ನಿಂತು ಚಾದರ ಹಿಡಿಯುವವಳು ಚೂಟಿ. ವಯಸ್ಸಿನಲ್ಲಿ ಮಗಳಷ್ಟು, ಮಾತಿನಲ್ಲಿ ಅತ್ತೆಯಷ್ಟು. ಅವಳ ಪುಟ್ಟ ಮಗು ದೂರದ ಊರಲ್ಲಿ ಅವಳ ತಾಯಿಯ ಹತ್ತಿರ ಬೆಳೆಯುತ್ತಿತ್ತು. ಫೋನಿನಲ್ಲಿ ಅದು ಈಗ ಅಜ್ಜಿಯನ್ನು ಅಮ್ಮ ಅಂತಲೂ ಚೂಟಿಯನ್ನು ಹೆಸರು ಹಿಡಿದೂ ಕರೆಯಲು ಕಲಿತಿತ್ತು. ಸರ್ಕಾರ ಕನಿಷ್ಠ ಕೂಲಿ ಏರಿಸಿದೆ ಎಂಬ ಸುದ್ದಿ ಬಂದ ದಿನ ಚೂಟಿ ಊಟದ ಹೊತ್ತಿಗೆ ಎರಡು ಮನೆ ನೋಡಿಕೊಂಡು ಬಂದಳು. ಮನೆ ಅಂದರೆ ಒಂದೊಂದೇ ಕೋಣೆ. ಒಂದಕ್ಕೆ ಕಿಟಕಿ ಇತ್ತು.

"ಕಿಟಕಿ ಇರೋದನ್ನೇ ಹಿಡೀತೀನಿ ಅಕ್ಕಾ. ಮಗು ಬಂದ್ರೆ ನೋಡೋಕೆ ಏನಾದ್ರೂ ಬೇಕಲ್ಲ."

"ಕೂಲಿ ಕೈಗೆ ಬರ್ಲಿ ಮೊದಲು."

"ನಿನ್ನ ಬಾಯಿಂದ ಒಂದು ಒಳ್ಳೆ ಮಾತು ಬೀಳಲ್ಲ ನೋಡು."

ಕೂಲಿ ಕೈಗೆ ಬರುವುದಕ್ಕೆ ಅಡ್ಡಿಯೊಂದಿತ್ತು. ಸಣ್ಣ ಸಣ್ಣ ಕಾರ್ಖಾನೆಯವರೆಲ್ಲ ಸೇರಿ, ನಮ್ಮಂಥ ಬಡವರಿಗೆ ಈ ಕಾಯಿದೆಯಿಂದ ವಿನಾಯಿತಿ ಬೇಕು ಎಂದು ಸರ್ಕಾರಕ್ಕೆ ಮೊರೆಯಿಟ್ಟಿದ್ದರು. ಮೊರೆಯಿಡಲು ಅವರವರ ಕಾರಿನಲ್ಲೇ ಹೋಗಿದ್ದರು. ಸರ್ಕಾರ ಎರಡೂ ಕಡೆಯವರನ್ನು ಕೇಳಿ ತೀರ್ಮಾನಿಸುತ್ತೇವೆ ಎಂದಿತು. ಹಾಗಾಗಿ ಕಾರ್ಮಿಕ ಇಲಾಖೆಯ ಸಾಹೇಬರು ಒಂದೊಂದೇ ಕಡೆ ಹೋಗಿ, ಕೆಲಸದವರನ್ನು ಮುಖತಃ ವಿಚಾರಿಸುವುದೆಂದಾಯಿತು. ಇನ್ನೊಂದು ವಾರದಲ್ಲಿ ಲಾಂಡ್ರಿಯ ಸರದಿ.

ಚೂಟಿ ಎಲ್ಲರಿಗೂ ಪಾಠ ಹೇಳಿಕೊಟ್ಟಳು. "ಸಾಹೇಬರು ಏನೇ ಕೇಳ್ಲಿ, ನಮ್ಮ ಬಾಯಲ್ಲಿ ಒಂದೇ ಮಾತು. ಸಾಲಲ್ಲ. ಅಷ್ಟೇ."

"ಹೆಸರೇನು ಅಂತ ಕೇಳಿದ್ರೆ?" ಎಂದಳು ಇಸ್ತ್ರಿಯಕ್ಕ.

"ಅದಕ್ಕೂ ಸಾಲಲ್ಲ ಅನ್ನು."

ಎಲ್ಲರೂ ನಕ್ಕರು. ಇಸ್ತ್ರಿಯಕ್ಕನೂ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ ಇರಬೇಕು.

ಏಕೆಂದರೆ ಅವಳ ಮನೆಯ ಲೆಕ್ಕವೇ ಬೇರೆ. ಗಂಡ ಗೋದಾಮಿನಲ್ಲಿ ಲೋಡ್ ಇಳಿಸುವವನಾಗಿದ್ದ. ಲಾರಿಯಿಂದ ಮೂಟೆ ಇಳಿಸುವಾಗ ಅವನೂ ಮೂಟೆಯ ಜೊತೆ ಇಳಿದು, ಸೊಂಟದಿಂದ ಕೆಳಗೆ ಮತ್ತೆ ಏಳಲಿಲ್ಲ. ನೋಡಿಕೊಂಡು ಇಳಿಯಬೇಕಿತ್ತು ಎಂದು ಗೋದಾಮಿನವರು ಕೈತೊಳೆದುಕೊಂಡರು. ಕೊನೆಗೆ ಸರ್ಕಾರದ ನೆರವಿನ ಕಚೇರಿಯವರು ಒಬ್ಬ ಆಯಾಳನ್ನು ಗೊತ್ತು ಮಾಡಿಕೊಟ್ಟರು. ಇಸ್ತ್ರಿಯಕ್ಕ ಕೆಲಸಕ್ಕೆ ಹೊರಡುವ ಹೊತ್ತಿಗೆ ಆಯಾ ಬರುತ್ತಾಳೆ. ಅವನನ್ನು ಒರೆಸಿ, ಬಟ್ಟೆ ಬದಲಿಸಿ, ಊಟ ಮಾಡಿಸಿ, ಗಳಿಗೆಗೊಮ್ಮೆ ಮಗ್ಗುಲು ತಿರುಗಿಸುತ್ತಾಳೆ. ಮಗ್ಗುಲು ತಿರುಗಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ, ಆ ಹುಣ್ಣು ಮೂಳೆ ಮುಟ್ಟುತ್ತದೆ. ಮೊದಲ ವರ್ಷ ಒಮ್ಮೆ ಮುಟ್ಟಿತ್ತು. ಆ ವಾಸನೆ ಇಸ್ತ್ರಿಯಕ್ಕನಿಗೆ ಈಗಲೂ ಆಸ್ಪತ್ರೆಯ ಚಾದರಗಳ ಗಂಟು ಬಿಚ್ಚುವಾಗ ಸಿಗುತ್ತದೆ. ಆಯಾ ಬರುತ್ತಾಳೆ ಅಂತ ಇವಳು ಕೆಲಸಕ್ಕೆ ಹೋಗುತ್ತಾಳೆ, ಅದರಿಂದ ಬಾಡಿಗೆ ಹೋಗುತ್ತದೆ. ಇಡೀ ಸಂಸಾರ ನಿಂತಿರುವುದು ಆಯಾಳ ಕಾಲಮೇಲೆ, ಆಯಾಳಿಗೋ ಮಂಡಿನೋವು.

ರಜೆಯ ದಿನ ಇಸ್ತ್ರಿಯಕ್ಕನ ಅಣ್ಣ ಬರುತ್ತಿದ್ದ. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕುಳಿತು, ಒಂದು ಲೋಟ ಚಹಾ ಕುಡಿದು, ಬುದ್ಧಿ ಹೇಳಿ ಹೋಗುತ್ತಿದ್ದ. ಅವನದು ಟೈರು ಅಂಗಡಿ. ಯಾರ ಮುಂದೆಯೂ ಕೈಚಾಚದೆ ಸ್ವಂತ ಬೆವರಿನಿಂದ ಕಟ್ಟಿದ್ದು ಎಂದು ಅವನು ಹೇಳುವಾಗ ಅವನ ಹೆಂಡತಿ ಬೇರೆ ಕಡೆ ನೋಡುತ್ತಿದ್ದಳು, ಅಂಗಡಿ ಅವಳ ಅಪ್ಪನದಾಗಿತ್ತು.

"ಸರ್ಕಾರ ನಿಮ್ಮನ್ನ ಸಾಕ್ತಾ ಇದೆ," ಎನ್ನುತ್ತಿದ್ದ ಅಣ್ಣ. "ಸಾಕೋದು ಅಂದ್ರೇನು? ಬೆಕ್ಕು ನಾಯಿ ಸಾಕ್ತಾರೆ. ಮನುಷ್ಯ ಅನ್ನೋನು ತನ್ನ ಕಾಲಮೇಲೆ ತಾನು ನಿಲ್ಬೇಕು."

"ಹೇಳೋದೇನೋ ಸರಿ ಭಾವ," ಎನ್ನುತ್ತಿದ್ದ ಗಂಡ ಮಲಗಿದಲ್ಲಿಂದಲೇ, "ಸ್ವಲ್ಪ ಕೈ ಕೊಡಿ, ಪ್ರಯತ್ನ ಮಾಡೋಣ."

ಅಣ್ಣನಿಗೆ ತಮಾಷೆ ನಾಟುತ್ತಿರಲಿಲ್ಲ. "ನಿನಗೆ ಹೇಳಿದ್ದಲ್ಲ ಭಾವ. ಇವಳಿಗೆ ಹೇಳಿದ್ದು."

ಕೂಲಿ ಏರಿದರೆ ನೆರವಿನ ಕತೆ ಏನು ಎಂದು ಇಸ್ತ್ರಿಯಕ್ಕನಿಗೆ ಮೊದಲು ಹೊಳೆದಿರಲಿಲ್ಲ. ಹೊಳೆಸಿದವಳು ಆಯಾ. ಹಿಂದೆ ಅವಳು ಹೋಗುತ್ತಿದ್ದ ಒಂದು ಮನೆಯಲ್ಲಿ ಹೀಗೇ ಆಗಿತ್ತಂತೆ, ಮಗಳಿಗೆ ಸಂಬಳ ಏರಿತು, ತಾಯಿಗೆ ಆಯಾ ತಪ್ಪಿತು. ಮಾರನೆಯ ದಿನವೇ ಇಸ್ತ್ರಿಯಕ್ಕ ನೆರವಿನ ಕಚೇರಿಯ ಕಿಟಕಿಯೆದುರು ನಿಂತಳು. ಒಳಗೆ ಕುಳಿತಿದ್ದ ಹೆಂಗಸು ಒಳ್ಳೆಯವಳು. ಆ ಕಚೇರಿಯಲ್ಲಿ ಒಳ್ಳೆಯತನಕ್ಕೆ ಕೊರತೆಯಿರಲಿಲ್ಲ, ಅದರಿಂದ ಆಗುವ ಕೆಲಸಕ್ಕಷ್ಟೇ.

"ಒಂದು ಗೆರೆ ಇದೆ ಅಮ್ಮ," ಎಂದಳು ಅವಳು, ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದು. "ಮನೆಯ ಸಂಪಾದನೆ ಅದರ ಕೆಳಗಿದ್ರೆ ನೆರವು. ಮೇಲೆ ಹೋದ್ರೆ ಇಲ್ಲ. ಹೊಸ ಕೂಲಿ ಬಂದ್ರೆ ನೀವು ಕೂದಲೆಳೆಯಷ್ಟು ಮೇಲೆ ಹೋಗ್ತೀರ."

"ಮೇಲೆ ಹೋದದ್ದು ಆಯಾಗೆ ಕೊಡೋಕೆ ಆಗುತ್ತಾ?"

"ಅದರಲ್ಲಿ ಆಯಾ ಬಾಗಿಲವರೆಗೆ ಬರಬಹುದು. ಒಳಗೆ ಬರಲ್ಲ."

"ಮತ್ತೆ ನಾನೇನು ಮಾಡ್ಲಿ?"

ಹೆಂಗಸು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನೀವೆಲ್ಲ ನಿಮ್ಮ ಕಾಲಮೇಲೆ ನಿಲ್ಲಬೇಕು ಅನ್ನೋದೇ ನಮ್ಮ ಯೋಜನೆಯ ಉದ್ದೇಶ. ಆದ್ರೆ ಸದ್ಯಕ್ಕೆ ನಿಲ್ಲಬೇಡಿ."

ಇಸ್ತ್ರಿಯಕ್ಕ ನೇರ ಲಾಂಡ್ರಿಯ ಓನರ್ ಹತ್ತಿರ ಹೋದಳು. ಅವರು ಮೆತ್ತಗಿನ ಮನುಷ್ಯ. ಕೆಲಸದವರನ್ನು ಕೆಲಸದವರು ಎಂದು ಎಂದೂ ಕರೆದವರಲ್ಲ, ನಮ್ಮ ಮನೆಯವರು ಎನ್ನುತ್ತಿದ್ದರು. ಮನೆಯವರಿಗೆ ಸಂಬಳ ಕೊಡುವ ಪದ್ಧತಿ ಎಲ್ಲೂ ಇಲ್ಲವಾದ್ದರಿಂದ, ಕೊಡುತ್ತಿದ್ದ ಅಷ್ಟಿಷ್ಟೂ ಅವರ ದೊಡ್ಡತನವಾಗಿ ಕಾಣುತ್ತಿತ್ತು.

"ಹೊಸ ಕೂಲಿ ಬಂದ್ರೆ ನನ್ನ ಕೆಲಸದ ಹೊತ್ತು ಸ್ವಲ್ಪ ಕಡಿಮೆ ಮಾಡಿ," ಎಂದು ಕೇಳಿದಳು. ಯಾಕೆಂದು ಎಲ್ಲವನ್ನೂ ಬಿಡಿಸಿ ಹೇಳಿದಳು. ಹೇಳಬಾರದಿತ್ತು ಎಂದು ಆಮೇಲೆ ಅನಿಸಿತು.

ಓನರ್ ಬಹಳ ಹೊತ್ತು ತಲೆಯಾಡಿಸಿದರು. "ಅದು ಹೇಗಾಗುತ್ತೆ ಅಕ್ಕಾ? ರೋಲರ್ ಮುಂದೆ ಇಬ್ಬರು ಬೇಕೇ ಬೇಕು. ಒಬ್ಬಳೇ ಚೂಟಿ ಚಾದರ ಯಾರ ಜೊತೆ ಮಡಚ್ತಾಳೆ, ಗೋಡೆ ಜೊತೆನಾ?" ಆಮೇಲೆ ಇನ್ನೂ ಮೆತ್ತಗೆ, "ವಿನಾಯಿತಿ ಬಂದ್ರೆ ನಿಮ್ಮ ತಾಪತ್ರಯವೇ ಇರಲ್ಲ. ಸಾಹೇಬರು ಕೇಳ್ತಾರೆ. ನೀವು ಇಲ್ಲಿಯ ಹಳಬರು. ಈಗ ಬರೋದು ಸಾಕಾ ಅಂತ ಕೇಳಿದಾಗ ನೀವು ಸಾಕು ಅಂದ್ರೆ ಸಾಕು."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಸೂರು ನೋಡುತ್ತ ಕೇಳಿಸಿಕೊಂಡ. ಅವನಿಗೆ ನೋಡಲು ಬೇರೆ ಇರಲಿಲ್ಲ.

"ಚೂಟಿಗೆ ಏನು ಹೇಳ್ತೀಯ?"

"ಸಾಲಲ್ಲ ಅಂತೀನಿ ಅಂದಿದೀನಿ."

"ಹಾಗಾದ್ರೆ ಸಾಲಲ್ಲ ಅನ್ನು. ನನ್ನ ಬೆನ್ನು ನೋಡ್ಕೊಂಡು ಊರಿನೋರ ಹೊಟ್ಟೆ ಮೇಲೆ ಹೊಡೀಬೇಡ."

"ಹುಣ್ಣಾದ್ರೆ?"

"ಆದಾಗ ನೋಡೋಣ. ಹೇಗೂ ನನಗೆ ಕಾಣೋ ಜಾಗದಲ್ಲಿ ಆಗಲ್ಲ."

ಹಾಗೆ ಅವಳು ಸಾಲಲ್ಲ ಎನ್ನುವುದೆಂದು ನಿಶ್ಚಯಿಸಿಕೊಂಡೇ ಸಾಹೇಬರು ಬರುವ ದಿನ ಕೆಲಸಕ್ಕೆ ಹೋದಳು. ಇದನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡಬೇಕು, ಏಕೆಂದರೆ ಆಮೇಲೆ ಇದನ್ನು ಯಾರೂ ನಂಬಲಿಲ್ಲ. ಸ್ವಲ್ಪ ಕಾಲದ ಮೇಲೆ ಅವಳೂ ನಂಬಲಿಲ್ಲ.

ಸಾಹೇಬರಿಗೆ ಮಡಚುವ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿದ್ದರು. ಬಾಯ್ಲರ್ ಆರಿಸುವ ಹಾಗಿಲ್ಲ, ರೋಲರ್ ನಿಲ್ಲಿಸುವ ಹಾಗಿಲ್ಲ. ಹೀಗಾಗಿ ಗುಟ್ಟಾಗಿ ನಡೆಯಬೇಕಿದ್ದ ವಿಚಾರಣೆ ಕೂಗಾಟದಲ್ಲೇ ನಡೆಯಿತು. ಓನರ್ ಸಾಹೇಬರ ಬೆನ್ನ ಹಿಂದೆ ನಿಂತು, ತಾನು ಇಲ್ಲವೇ ಇಲ್ಲ ಎನ್ನುವಂತೆ ಮುಗುಳ್ನಗುತ್ತಿದ್ದರು.

ಚೂಟಿ ಮೊದಲು ಹೋಗಿ ಸಾಲಲ್ಲ ಎಂದಳು. ತೊಳೆಯುವವರು ಒಬ್ಬೊಬ್ಬರಾಗಿ ಸಾಲಲ್ಲ ಎಂದರು. ಒಬ್ಬಳು ಗಾಬರಿಯಲ್ಲಿ ನಮಸ್ಕಾರದ ಬದಲಿಗೂ ಅದನ್ನೇ ಹೇಳಿದಳು. ಸಾಹೇಬರಿಗೆ ಬೆವರಿಳಿಯುತ್ತಿತ್ತು, ಬೇಸರವೂ ಬರುತ್ತಿತ್ತು. ಗಿಳಿಪಾಠ ಎಂದು ತಿಳಿಯಲು ದೊಡ್ಡ ಅಧಿಕಾರಿಯೇ ಆಗಬೇಕಿರಲಿಲ್ಲ.

"ಇವರು ನಮ್ಮ ಹಳಬರು ಸಾರ್," ಎಂದರು ಓನರ್, ಇಸ್ತ್ರಿಯಕ್ಕ ಮುಂದೆ ಬಂದಾಗ. "ಇವರನ್ನ ಸರಿಯಾಗಿ ಕೇಳಿ."

ಸಾಹೇಬರು ಸರಿಯಾಗಿ ಕೇಳಿದರು. ಮನೆಯಲ್ಲಿ ಎಷ್ಟು ಜನ, ಗಂಡ ಏನು ಮಾಡುತ್ತಾರೆ, ಯಾವಾಗಿಂದ ಮಲಗಿದ್ದಾರೆ, ಯಾರು ನೋಡಿಕೊಳ್ಳುತ್ತಾರೆ. ಆಯಾ ಎಂದು ಅವಳು ಹೇಳಿದ್ದೇ ತಡ, ಆಯಾಗೆ ದುಡ್ಡು ಯಾರದು ಎಂದರು.

"ಸರ್ಕಾರದ್ದು."

"ಅಂದ್ರೆ ಗಂಡನ ಖರ್ಚು ನಿಮ್ಮ ತಲೆ ಮೇಲಿಲ್ಲ."

"ಸರ್ಕಾರ ಒಂದು ಕಡೆ ಸಾಕುತ್ತೆ ಸಾರ್," ಎಂದರು ಓನರ್ ನಗುತ್ತ, "ನಾವೊಂದು ಕಡೆ ಸಾಕ್ತೀವಿ."

ಸಾಹೇಬರೂ ನಕ್ಕರು. ಬೆಳಿಗ್ಗೆಯಿಂದ ಅವರಿಗೆ ಸಿಕ್ಕ ಮೊದಲ ನಗು ಅದು. ಆ ಸಡಿಲಿನಲ್ಲಿ, ಕೆಟ್ಟ ಉದ್ದೇಶವೇನೂ ಇಲ್ಲದೆ, ಕೇಳಿಬಿಟ್ಟರು. "ಬಿದ್ದಾಗ ಅವರು ಕುಡಿದಿದ್ರಾ?"

ಗಂಡ ಜನ್ಮದಲ್ಲಿ ಚಹಾ ಬಿಟ್ಟು ಬೇರೆ ಕುಡಿದವನಲ್ಲ. ಗೋದಾಮಿನವರು, ಆಸ್ಪತ್ರೆಯವರು, ನೆರವಿನ ಕಚೇರಿಯವರು, ಕೊನೆಗೆ ಒಡಹುಟ್ಟಿದ ಅಣ್ಣ, ಎಲ್ಲರೂ ಒಂದೊಂದು ಸಲ ಇದೇ ಪ್ರಶ್ನೆ ಕೇಳಿ ಆಗಿತ್ತು. ಇಸ್ತ್ರಿಯಕ್ಕನ ಮೈಯೆಲ್ಲ ಉರಿಯಿತು. ನೂರು ಮಾತು ಗಂಟಲಿಗೆ ಬಂದು ಒಂದನ್ನೊಂದು ತಳ್ಳಾಡಿದವು. ಹೊರಗೆ ಬಿದ್ದದ್ದು ಒಂದೇ.

"ಸಾಕು."

ಸಾಹೇಬರು ತಲೆಯೆತ್ತಿದರು. ಬೆಳಗಿನಿಂದ ಕೇಳದಿದ್ದ ಪದ. ಪೆನ್ನಿಗೆ ಜೀವ ಬಂತು. "ಈಗ ಬರ್ತಿರೋದು ಸಾಕು," ಎಂದು ಹೇಳಿಕೊಳ್ಳುತ್ತಲೇ ಬರೆದುಕೊಂಡರು. ಆಮೇಲೆ ನ್ಯಾಯವಂತರಾದ್ದರಿಂದ, "ಹಾಗೇ ತಾನೇ ಅಮ್ಮ ನೀವಂದದ್ದು?" ಎಂದು ಕೂಗಿ ಕೇಳಿದರು.

ಅದಲ್ಲ ಸಾರ್, ನಿಮ್ಮ ಮಾತು ಸಾಕು ಅಂದೆ. ಇಷ್ಟೇ ಹೇಳಬೇಕಿದ್ದದ್ದು. ನಾಲಿಗೆಯ ತುದಿಯಲ್ಲಿತ್ತು. ರೋಲರಿನಿಂದ ಒಂದು ಚಾದರ ಹೊರಗೆ ಜಾರುತ್ತಿತ್ತು, ಚೂಟಿ ಅದರ ಎರಡು ಮೂಲೆ ಹಿಡಿದು ಇವಳ ಕಡೆಯೇ ನೋಡುತ್ತಿದ್ದಳು. ಇಸ್ತ್ರಿಯಕ್ಕನಿಗೆ ಆ ಹೊತ್ತಿನಲ್ಲಿ ಕಂಡದ್ದು ಚೂಟಿಯಲ್ಲ. ಆಯಾಳ ಎರಡು ಕೈ. ಒಂದು ಗಂಡನ ಹೆಗಲ ಕೆಳಗೆ, ಒಂದು ಸೊಂಟದ ಕೆಳಗೆ, ಮೆಲ್ಲಗೆ ಅವನನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದವು.

"ಹೂಂ," ಎಂದಳು.

ಸದ್ದಿನಲ್ಲಿ ಅದು ಸಾಹೇಬರಿಗೆ ಕೇಳಿಸಿತೋ ಇಲ್ಲವೋ. ತಲೆಯಾಡಿಸಿದ್ದು ಕಂಡಿತು.

ಅವರೆಲ್ಲ ಹೋದ ಮೇಲೆ ಬಹಳ ಹೊತ್ತು ಇಬ್ಬರೂ ಮಡಚಿದರು. ಆಮೇಲೆ ಚೂಟಿ ಕೇಳಿದಳು. "ಯಾವ ಸಾಕು ಅಕ್ಕಾ ಅದು?"

"ಬಾಯಿ ಮುಚ್ರಿ ಅನ್ನೋ ಸಾಕು."

"ಮತ್ತೆ ಹೂಂ? ಅದು ಯಾವ ಹೂಂ?"

ಇಸ್ತ್ರಿಯಕ್ಕ ತನ್ನ ಮೂಲೆಗಳನ್ನು ಅವಳ ಕೈಗೆ ಕೊಟ್ಟಳು. ಚೂಟಿ ತೆಗೆದುಕೊಂಡಳು. ಅವತ್ತಿನಿಂದ ಚೂಟಿ ಅವಳೊಡನೆ ಮಾತು ಬಿಟ್ಟಳು. ಚಾದರ ಮಡಚಲು ಇಬ್ಬರು ಬೇಕು, ಮಾತಾಡದೇ ಇರುವುದಕ್ಕೂ ಇಬ್ಬರು ಬೇಕು. ಎರಡನ್ನೂ ಅವರು ಒಟ್ಟಿಗೇ ಮಾಡಿದರು. ಎಷ್ಟೋ ಸಲ ಮುಖ ಮುಖ ತಾಗುವಷ್ಟು ಹತ್ತಿರ ಬಂದು, ಮೂಲೆ ಕೊಟ್ಟು, ಹಿಂದೆ ಸರಿಯುತ್ತಿದ್ದರು.

ವಿನಾಯಿತಿ ಬಂತು. ಆದೇಶದಲ್ಲಿ, ದೀರ್ಘಕಾಲದ ಅನುಭವವುಳ್ಳ ಕಾರ್ಮಿಕರೇ ಸಂತೃಪ್ತಿ ವ್ಯಕ್ತಪಡಿಸಿರುವುದರಿಂದ ಎಂದು ಬರೆದಿತ್ತಂತೆ. ಓನರ್ ಅದನ್ನು ಎಲ್ಲರಿಗೂ ಓದಿ ಹೇಳಿದರು. ಕಾರ್ಮಿಕರು ಎಂಬ ಬಹುವಚನ ಕೇಳಿ ತೊಳೆಯುವವರೆಲ್ಲ ಇಸ್ತ್ರಿಯಕ್ಕನತ್ತ ತಿರುಗಿದರು, ಅವಳೊಬ್ಬಳೇ ಅಷ್ಟು ಜನರಾದದ್ದು ಹೇಗೆಂದು ನೋಡುವವರಂತೆ. ಆ ತಿಂಗಳು ಮುಗಿಯುವುದರೊಳಗೆ ಚೂಟಿ ಬೇರೆ ಊರಿಗೆ ಕೆಲಸ ಹುಡುಕಿಕೊಂಡು ಹೊರಟುಹೋದಳು. ಮಗುವಿನ ಹತ್ತಿರಕ್ಕಲ್ಲ, ಇನ್ನೂ ದೂರಕ್ಕೆ. ಹೊರಡುವಾಗ ಎಲ್ಲರಿಗೂ ಹೇಳಿದಳು. ಇಸ್ತ್ರಿಯಕ್ಕನಿಗೂ "ಬರ್ತೀನಿ" ಎಂದಳು, ಆದರೆ ಅಕ್ಕಾ ಎನ್ನಲಿಲ್ಲ.

ಹೋಗಲಿ, ಆಯಾ ಉಳಿದಳಲ್ಲ ಎಂದು ಇಸ್ತ್ರಿಯಕ್ಕ ಸಮಾಧಾನ ಮಾಡಿಕೊಂಡಳು. ಆ ಸಮಾಧಾನಕ್ಕೂ ಆಯುಸ್ಸಿರಲಿಲ್ಲ. ನೆರವಿನ ಕಚೇರಿಯಿಂದ ಕರೆ ಬಂತು. ಕಿಟಕಿಯ ಹಿಂದೆ ಅದೇ ಒಳ್ಳೆಯ ಹೆಂಗಸು, ಈ ಸಲ ಕಣ್ಣು ಕೆಳಗೆ.

"ನೀವು ಗೆರೆ ದಾಟಿಲ್ಲ ಅಮ್ಮ. ಅದು ನಿಜ. ಆದ್ರೆ ನೆರವು ಯಾರಿಗೆ? ಬರೋದು ಸಾಲದೇ ಇರೋರಿಗೆ. ನೀವು ಕಾರ್ಮಿಕ ಇಲಾಖೆ ಮುಂದೆ ಸಾಕು ಅಂತ ಹೇಳಿಕೆ ಕೊಟ್ಟಿದ್ದೀರಂತೆ. ಅಲ್ಲಿಂದ ನಮಗೆ ಬಂದಿದೆ."

"ನಾನು ಹೇಳಿದ್ದು ಆ ಸಾಹೇಬರಿಗೆ."

"ಅಲ್ಲಿ ಹೇಳಿದ್ದು ಇಲ್ಲಿಗೂ ಕೇಳಿಸುತ್ತೆ."

ಸರ್ಕಾರಕ್ಕೆ ಕಿವಿಯಿಲ್ಲ ಎಂದು ಇಷ್ಟು ವರ್ಷ ಬೈದುಕೊಂಡು ಬಂದಿದ್ದಳು, ಈಗ ಅದಕ್ಕೆ ಕಿವಿ ಬಂದಿತ್ತು. "ನಾನು ಹೇಳಿದ ಸಾಕು ಆ ಸಾಕು ಅಲ್ಲಮ್ಮ," ಎಂದಳು. ಹೇಳುವಾಗಲೇ ಅದು ಎಷ್ಟು ನಿಜ, ಎಷ್ಟು ಸುಳ್ಳು ಎಂದು ಅವಳಿಗೇ ಗೊತ್ತಾಗಲಿಲ್ಲ. ಹೆಂಗಸು ತಲೆಯಾಡಿಸಿದಳು. ಮೇಲಿನವರಿಗೆ ಅರ್ಜಿ ಕೊಡಬಹುದು, ತೀರ್ಮಾನವಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಆಯಾ ಬರುವುದಿಲ್ಲ.

ಆಯಾ ಇಲ್ಲದ ಮೇಲೆ ಗೆರೆಯ ಭಯವೂ ಇಲ್ಲ. ಇಸ್ತ್ರಿಯಕ್ಕ ಓನರ್ ಹತ್ತಿರ ಹೋಗಿ, ಹಾಗಾದರೆ ಹೊಸ ಕೂಲಿಯನ್ನು ತನಗಾದರೂ ಕೊಡಿ ಎಂದಳು. ಓನರ್ ನಿಜವಾಗಿಯೂ ನೊಂದುಕೊಂಡರು.

"ನಿಮ್ಮೊಬ್ಬರಿಗೇ ಕೊಟ್ರೆ ಉಳಿದವರು ಏನಂತಾರೆ ಅಕ್ಕಾ? ನಮ್ಮಲ್ಲಿ ಭೇದಭಾವ ಇಲ್ಲ. ಎಲ್ಲರೂ ಮನೆಯವರೇ."

ರಜೆಯ ದಿನ ಅಣ್ಣ ಬಂದು ಸುದ್ದಿ ಕೇಳಿ, ಚಹಾ ಲೋಟ ಕೆಳಗಿಟ್ಟ. ಅವನ ಮುಖದಲ್ಲಿ ಸಂತೋಷವೇ ಇತ್ತು, ಕುಹಕವಲ್ಲ. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಈಗ ನೀನು ನಿನ್ನ ಕಾಲಮೇಲೆ ನಿಂತ ಹಾಗಾಯ್ತು."

"ಮನೇಲಿ ಒಬ್ಬರಾದ್ರೂ ನಿಂತ್ರಲ್ಲ ಭಾವ," ಎಂದ ಗಂಡ.

"ಅಣ್ಣ, ಆಯಾಗೆ ಕೊಡೋಕೆ ನೀನು ಸ್ವಲ್ಪ ದಿನ ಕೈಹಿಡೀತೀಯಾ?" ಎಂದು ಅವಳು ಕೇಳಿದಳು. ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಅಣ್ಣ ಕೂಡಲೇ ಇಲ್ಲ ಎನ್ನಲಿಲ್ಲ. ಗೋಡೆ ನೋಡಿದ, ಚಾವಣಿ ನೋಡಿದ, ಕೊನೆಗೆ ಭಾವನ ಕಾಲುಗಳನ್ನು ನೋಡಿದ. "ಕೊಡೋದು ದೊಡ್ಡದಲ್ಲ. ಕೊಟ್ರೆ ನಿಂಗೆ ಅಭ್ಯಾಸ ಆಗಿಬಿಡುತ್ತೆ. ಆಮೇಲೆ ನಿನಗೇ ಕಷ್ಟ." ಅವನ ದನಿಯಲ್ಲಿ ಪ್ರೀತಿ ಇತ್ತು, ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಬೆಳಿಗ್ಗೆ ಅವಳು ಗಂಡನನ್ನು ಒರೆಸಿ, ಬಟ್ಟೆ ಬದಲಿಸಿ, ಗೋಡೆಯ ಕಡೆಗೆ ತಿರುಗಿಸಿ ಮಲಗಿಸಿದಳು. ಸ್ವಲ್ಪ ಯೋಚಿಸಿ ಬಾಗಿಲ ಕಡೆಗೆ ತಿರುಗಿಸಿದಳು. ಸಂಜೆಯವರೆಗೆ ಅವನು ಹಾಗೇ ಇರಬೇಕಿತ್ತು. ಕೈಗೆ ಸಿಗುವಂತೆ ನೀರಿನ ಬಾಟಲಿ, ಬ್ರೆಡ್ಡು ಇಟ್ಟಳು. ಬೀಗ ಹುಡುಕಿ ಕೈಗೆ ತೆಗೆದುಕೊಂಡಳು.

"ಬೀಗ ಬೇಡ ಕಣೇ. ಬೆಂಕಿಗಿಂಕಿ ಬಿದ್ರೆ?"

"ಬಾಗಿಲು ತೆಗ್ದಿದ್ರೆ ನೀವೇನು ಎದ್ದು ಓಡ್ತೀರಾ?"

ಅವನು ನಕ್ಕ. ಅವಳಿಗೂ ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. "ನಾನು ಓಡದಿದ್ರೂ," ಎಂದ ಅವನು, "ಯಾರಾದ್ರೂ ಒಳಗೆ ಬರಬಹುದಲ್ಲ."

ಬರಿದೇ ಬಾಗಿಲೆಳೆದುಕೊಂಡು ಅವಳು ಮೆಟ್ಟಿಲಿಳಿದಳು. ಅರ್ಧಕ್ಕೆ ನಿಂತು ಕಿವಿಗೊಟ್ಟಳು. ಮೇಲಿನ ಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು, ಯಾರದೋ ಪಾತ್ರೆ ಬಿತ್ತು. ಒಳಗೆ ಅವನಿಗೆ, ಚಪ್ಪಲಿಯ ಸದ್ದು ಕೆಳಗಿನವರೆಗೂ ಹೋಗದೆ ನಡುವೆಯೇ ನಿಂತದ್ದು ಕೇಳಿಸಿತ್ತು. ಬೆನ್ನು ಆಗಲೇ ಭಾರವಾಗತೊಡಗಿತ್ತು. ಅವನು ಉಸಿರು ಬಿಗಿಹಿಡಿದು, ಸದ್ದು ಮತ್ತೆ ಶುರುವಾಗಿ ಬೀದಿಗೆ ಇಳಿದುಹೋಗುವವರೆಗೂ ಸುಮ್ಮನೆ ಮಲಗಿದ್ದ.